ಕಂಕನಾಡಿಯ ಫಾದರ್ ಮುಲ್ಲರ್

ಕೋಲಾರದ ಚಿನ್ನದ ಗಣಿಯಲ್ಲಿ ದುಡಿದ ನನ್ನ ತಾತ, ದೂಳಿನಿಂದ ಶ್ವಾಸಕೋಶ ಕೆಟ್ಟು ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿದಿದ್ದರು. ಬಂಗಾರಪೇಟೆಯ ಕಾಲೇಜಿನಿಂದ ನಾನು ಸಂಜೆಯ ರೈಲಿಗೆ ಮರಳುವವರೆಗೆ ಪಕ್ಕದ ಲೈನಿನ ಅಕ್ಕ ಒಬ್ಬರು ಬಂದು ಗಂಜಿ ಕುಡಿಸಿ, ಮೈ ಒರೆಸಿ ಹೋಗುತ್ತಿದ್ದರು. ಸಂಬಳವಿಲ್ಲ, ನೆಂಟಸ್ತಿಕೆಯೂ ಇಲ್ಲ. ಇಂಥವರು ಹಿಂದೆ ಯಾರಿದ್ದರೆಂದು ಹುಡುಕುವಾಗ ಫಾದರ್ ಮುಲ್ಲರವರ ಚರಿತ್ರೆ ನನ್ನ ಕೈಗೆ ಸಿಕ್ಕಿತು.

ಅಗಸ್ಟಸ್ ಮುಲ್ಲರ್ ಜರ್ಮನಿಯಲ್ಲಿ 1841ರಲ್ಲಿ ಹುಟ್ಟಿದರು. 1878ರ ಕೊನೆಯಲ್ಲಿ ಯೇಸುಸಭೆಯ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಅವರಿಗೆ ಒಪ್ಪಿಸಿದ್ದು ಪಾಠ ಹೇಳುವ ಕೆಲಸ. ಆದರೆ ಹೋಮಿಯೋಪತಿ ಔಷಧಗಳ ಪೆಟ್ಟಿಗೆ ಅವರ ಬಳಿ ಇತ್ತು. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಕೊಟ್ಟರು. ಸುದ್ದಿ ಹಬ್ಬಿ ಬಡವರು ಬಂದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರ ಔಷಧಾಲಯ ಆರಂಭವಾಯಿತು. ಆಲದ ಮರದಡಿಯಲ್ಲೇ ಮದ್ದು ಹಂಚುತ್ತಿದ್ದರೆಂದು ಹೇಳುತ್ತಾರೆ. ಆ ಗುಳಿಗೆಗಳ ಶಕ್ತಿಯನ್ನು ಕುರಿತು ಬಲ್ಲವರು ವಾದಿಸಿಕೊಳ್ಳಲಿ. ನನ್ನ ಮನಸ್ಸನ್ನು ಹಿಡಿದದ್ದು 1890ರಲ್ಲಿ ಅವರು ಕುಷ್ಠರೋಗಿಗಳಿಗೆಂದು ತೆರೆದ ಆಶ್ರಯ. ಆ ಕಾಲದಲ್ಲಿ ಹೆತ್ತವರೂ ಮಕ್ಕಳೂ ಅಂಥವರನ್ನು ಮನೆಯಿಂದ ಹೊರಡಿಸುತ್ತಿದ್ದರು. ಮದ್ದು ಕೊಟ್ಟು ಕಳುಹಿಸಿದರೆ ಅವರು ಹೋಗುವುದಾದರೂ ಎಲ್ಲಿಗೆ? ಅವರಿಗೆ ಬೇಕಾದದ್ದು ಸೂರು, ಊಟ, ಹುಣ್ಣು ತೊಳೆಯಲು ಹೇಸದ ಕೈ.

ಔಷಧ ಮಾರಿ ಬಂದ ಹಣವನ್ನು ಇದಕ್ಕೇ ಸುರಿದರು. 1895ರಲ್ಲಿ ಆಸ್ಪತ್ರೆಯಾಯಿತು, 1902ರಲ್ಲಿ ಪ್ಲೇಗು ಬಡಿದಾಗ ಅದರ ರೋಗಿಗಳಿಗೂ ಜಾಗ ಮಾಡಿದರು. 1910ರ ನವೆಂಬರ್ 1ರಂದು ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜೂ ಆಗಿ ಬೆಳೆದಿದೆ.

ನಮ್ಮ ಅಕ್ಕನಿಗೆ ಈ ಕಥೆ ಹೇಳಿದೆ. ಕೇಳುತ್ತಲೇ ಎದ್ದರು, ಎದುರುಮನೆಯ ಅಜ್ಜಿಗೆ ಗಂಜಿಯ ಹೊತ್ತಾಗಿತ್ತು.