ಚಿತ್ರಕಾರ ಹೊಕುಸಾಯಿ

ಜಪಾನ್ ದೇಶದ ಹೊಕುಸಾಯಿಯ ಹೆಸರನ್ನು ಕೇಳದವರೂ ಆತನು ಬರೆದ ಮಹಾತರಂಗದ ಚಿತ್ರವನ್ನು ಎಲ್ಲಿಯಾದರೂ ಕಂಡಿರುವರು. ಹೆಡೆಯೆತ್ತಿದಂತೆ ಮೇಲೆದ್ದ ನೀಲಿಯ ತೆರೆ, ಅದರಡಿಯಲ್ಲಿ ಮೂರು ದೋಣಿಗಳು, ದೂರದಲ್ಲಿ ಚಿಕ್ಕದಾಗಿ ತೋರುವ ಫೂಜಿ ಪರ್ವತ. ಸುಮಾರು 1831ರಲ್ಲಿ ಇದು ಅಚ್ಚಾದಾಗ ಆತನಿಗೆ ಎಪ್ಪತ್ತು ದಾಟಿತ್ತು. ಈ ವಯಸ್ಸನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಈಗ ಟೋಕಿಯೋ ಎನ್ನಿಸಿಕೊಳ್ಳುವ ಯೆಡೋ ಪಟ್ಟಣದಲ್ಲಿ 1760ರಲ್ಲಿ ಜನಿಸಿದ ಹೊಕುಸಾಯಿಯು ಬಾಲ್ಯದಲ್ಲಿ ಮರದ ಅಚ್ಚುಗಳನ್ನು ಕೆತ್ತುವ ಕೆಲಸವನ್ನು ಕಲಿತು, ತರುವಾಯ ಕಟ್ಸುಕಾವಾ ಶುನ್‌ಶೋ ಎಂಬ ಗುರುವಿನ ಚಿತ್ರಶಾಲೆಯನ್ನು ಸೇರಿದನು. ನಾಟಕದ ನಟರ ಚಿತ್ರಗಳನ್ನೂ ಕಥೆಪುಸ್ತಕಗಳ ಚಿತ್ರಗಳನ್ನೂ ಬರೆದು ಜೀವನ ಸಾಗಿಸಿದನು. ಮೂವತ್ತರಷ್ಟು ಸಾರಿ ಹೆಸರನ್ನೂ ತೊಂಬತ್ತಕ್ಕೂ ಮಿಗಿಲಾಗಿ ಮನೆಯನ್ನೂ ಬದಲಾಯಿಸಿದನೆಂದು ಚರಿತ್ರಕಾರರು ಹೇಳುವರು. ಗುಡಿಸುವ ಗೋಜಿಗೆ ಹೋಗದೆ, ಕಸ ತುಂಬಿದಾಗ ಬೇರೆ ಮನೆ ಹಿಡಿಯುತ್ತಿದ್ದನಂತೆ. ಈ ಗುಣವು ಮಾತ್ರ ನಮ್ಮ ಬಾಲಕಿಯರು ಅನುಸರಿಸತಕ್ಕದ್ದಲ್ಲ.

ಆ ತೆರೆಯನ್ನು ಆತನು ಒಂದೇ ಪ್ರಯತ್ನದಲ್ಲಿ ಸಾಧಿಸಲಿಲ್ಲ. 1803ರ ಸುಮಾರಿಗೂ, ಪುನಃ ಒಂದೆರಡು ವರ್ಷಗಳೊಳಗೂ, ಇಂಥದೇ ಸಮುದ್ರವನ್ನೂ ದೋಣಿಗಳನ್ನೂ ಐರೋಪ್ಯ ರೀತಿಯ ನೆರಳುಬೆಳಕುಗಳಿಂದ ಬರೆದಿದ್ದನು. ಆ ಹಳೆಯ ಚಿತ್ರಗಳಲ್ಲಿ ತೆರೆಯು ಮಣ್ಣಿನ ದಿಬ್ಬದಂತೆ ಭಾರವಾಗಿ ನಿಂತಿದೆ. ಅದು ನೀರೆಂದು ನಂಬುವುದೇ ಕಷ್ಟ. ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಅದೇ ವಿಷಯವನ್ನು ತಿರಿಗಿ ಕೈಕೊಂಡಾಗ, ತೆರೆಯ ತುದಿಯು ನೂರಾರು ಉಗುರುಗಳಾಗಿ ಒಡೆಯಿತು. ಭಾರವು ಹೋಗಿ ವೇಗವು ಬಂದಿತು. ಬರ್ಲಿನ್ನಿನಲ್ಲಿ ಮೊದಲು ತಯಾರಾದ ಗಾಢನೀಲಿ ಬಣ್ಣವು ಆಗ ದೊರೆತದ್ದು ನಿಜವೇ. ಆದರೂ ತನ್ನ ಹಳೆಯ ತೆರೆಯ ದೋಷವನ್ನು ತಾನೇ ಕಾಣದವನಿಗೆ ಬಣ್ಣವೇನು ಮಾಡೀತು?

1834ರಲ್ಲಿ ಫೂಜಿ ಪರ್ವತದ ನೂರು ನೋಟಗಳ ಗ್ರಂಥವನ್ನು ಪ್ರಕಟಿಸುವಾಗ, ಆ ದೇಶದ ಲೆಕ್ಕದಲ್ಲಿ ಎಪ್ಪತ್ತೈದು ವರ್ಷದವನಾಗಿದ್ದ ಹೊಕುಸಾಯಿಯು ಅದರ ಕೊನೆಯಲ್ಲಿ ಒಂದು ವಿಚಿತ್ರವಾದ ಲೆಕ್ಕವನ್ನೊಪ್ಪಿಸಿದನು. ಆರನೆಯ ವಯಸ್ಸಿನಿಂದ ಬರೆಯುತ್ತಿದ್ದರೂ ಎಪ್ಪತ್ತಕ್ಕೆ ಮೊದಲು ಬರೆದುದರಲ್ಲಿ ಎಣಿಕೆಗೆ ಬರುವಂಥದು ಯಾವುದೂ ಇಲ್ಲವೆಂದೂ, ಎಪ್ಪತ್ತಮೂರರಲ್ಲಿ ಪ್ರಾಣಿಪಕ್ಷಿಗಳ ಆಕಾರವೂ ಗಿಡಮರಗಳ ಬೆಳವಣಿಗೆಯೂ ತುಸು ತಿಳಿದವೆಂದೂ, ನೂರಹತ್ತಕ್ಕೆ ಪ್ರತಿಯೊಂದು ಚುಕ್ಕೆಯೂ ಗೆರೆಯೂ ಜೀವ ತಳೆಯುವುದೆಂದೂ ತಿಳಿಸಿದನು. ಇದನ್ನು ವಿನಯವೆನ್ನಲು ನಮಗೆ ಮನಸ್ಸು ಬಾರದು. ಇನ್ನೂ ಮೂವತ್ತೈದು ವರ್ಷಗಳ ಕೆಲಸವನ್ನು ಯೋಜಿಸಿಕೊಂಡವನು ವಿನಯಶೀಲನೇ? ಅರುವತ್ತು ವರ್ಷಗಳ ದುಡಿಮೆಯನ್ನು ತಳ್ಳಿಹಾಕಿದ್ದರಲ್ಲಿ ಮಹತ್ತಾದ ಆಶೆಯೇ ಇದ್ದಿತು.

1839ರಲ್ಲಿ ಮನೆಗೆ ಬೆಂಕಿ ಬಿದ್ದು ಅನೇಕ ಚಿತ್ರಗಳು ಬೂದಿಯಾದವು. ವೃದ್ಧನು ಪುನಃ ಕುಂಚವನ್ನು ಹಿಡಿದನು. ತಾನೂ ನಿಪುಣಳಾದ ಚಿತ್ರಕಾರಳಾಗಿದ್ದ ಮಗಳು ಓಯಿ ಜೊತೆಯಲ್ಲಿದ್ದು ಆತನ ಕೆಲಸದಲ್ಲಿ ನೆರವಾಗುತ್ತಿದ್ದಳು. ಒಮ್ಮೆ ಶಿಷ್ಯನೊಬ್ಬನು ತನ್ನ ಕೈ ಸಾಗದೆಂದು ಕೊರಗಿದಾಗ ಆಕೆಯು ನಕ್ಕು, ಎಂಬತ್ತು ದಾಟಿದ ತಂದೆಯೇ ಮೊನ್ನೆ ಒಂದು ಬೆಕ್ಕನ್ನು ಸಹ ಸರಿಯಾಗಿ ಬರೆಯಲಾರೆನೆಂದು ಕೈಕಟ್ಟಿ ಕುಳಿತು ಅತ್ತನೆಂದು ತಿಳಿಸಿದಳಂತೆ. ಆಕೆಯ ಸ್ವಂತ ಚಿತ್ರಗಳು ಕೆಲವೇ ಉಳಿದಿರುವುದು ನಮಗೆ ವ್ಯಸನಕರವಾಗಿದೆ.

1849ರ ವಸಂತದಲ್ಲಿ ಹೊಕುಸಾಯಿಯು ಮರಣಶಯ್ಯೆಯಲ್ಲಿ ಇನ್ನು ಹತ್ತು ವರ್ಷಗಳ ಆಯುಸ್ಸನ್ನು ಬೇಡಿದನೆಂದೂ, ಸ್ವಲ್ಪ ಹೊತ್ತು ಸುಮ್ಮನಿದ್ದು, ಐದೇ ಸಿಕ್ಕಿದರೂ ನಿಜವಾದ ಚಿತ್ರಕಾರನಾಗುವೆನೆಂದು ಹೇಳಿದನೆಂದೂ ಚರಿತ್ರೆಯು ತಿಳಿಸುತ್ತದೆ.