ಶ್ಲೈಖರ್: ದಾಖಲೆಯಿಲ್ಲದ ಭಾಷೆಯ ವ್ಯಾಕರಣಕಾರ

ಜರ್ಮನಿಯ ಮೈನಿಂಗೆನ್‌ನಲ್ಲಿ 1821ರಲ್ಲಿ ಜನಿಸಿದ ಆಗಸ್ಟ್ ಶ್ಲೈಖರ್ ಅವರು ಪ್ರಾಗ್ ಹಾಗೂ ಯೇನಾ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರಾಗಿದ್ದರು. 1861-62ರ ತಮ್ಮ ಗ್ರಂಥದಲ್ಲಿ, ಲಿಖಿತ ದಾಖಲೆಯೇ ಇಲ್ಲದ ಇಂಡೋ-ಯುರೋಪಿಯನ್ ಮೂಲಭಾಷೆಗೆ ಧಾತು, ಪ್ರತ್ಯಯ, ವಿಭಕ್ತಿಗಳ ವ್ಯವಸ್ಥೆಯನ್ನು ರೂಪಿಸಿದರು. ಸಂಸ್ಕೃತದ ಗುಣ-ವೃದ್ಧಿಗಳ ಮಾದರಿಯನ್ನನುಸರಿಸಿ ಅ, ಇ, ಉ ಮೂರೇ ಮೂಲಸ್ವರಗಳೆಂದು ನಿರ್ಣಯಿಸಿದರು. ಊಹಿತ ರೂಪಗಳಿಗೆ ನಕ್ಷತ್ರಚಿಹ್ನೆ ಹಚ್ಚುವ ಪದ್ಧತಿ ಅವರಿಂದ ನೆಲೆಗೊಂಡಿತು. 1868ರಲ್ಲಿ ಆ ಭಾಷೆಯಲ್ಲೇ ಕುರಿ-ಕುದುರೆಗಳ ನೀತಿಕಥೆಯೊಂದನ್ನು ರಚಿಸಿದರು; ಅದೇ ವರ್ಷ 47ನೆಯ ವಯಸ್ಸಿನಲ್ಲಿ ನಿಧನರಾದರು.

ಮುಂದೆ ಎ, ಒ ಸ್ವರಗಳೂ ಮೂಲಭಾಷೆಯವೇ ಎಂಬುದು ಸ್ಥಾಪಿತವಾಯಿತು. 1939ರಲ್ಲಿ ಪ್ರಕಟವಾದ ಹರ್ಮನ್ ಹಿರ್ಟ್ ಅವರ ಪರಿಷ್ಕೃತ ಪಾಠದಲ್ಲಿ, ಕುದುರೆಯನ್ನು ಸೂಚಿಸುವ ‘ಅಕ್ವ’ ಪ್ರಕೃತಿಯ ಆದಿ ಅಕಾರ ಎಕಾರವಾಯಿತು. ಶ್ಲೈಖರ್ ನಿರ್ಮಿಸಿದ ರೂಪಗಳು ಹೀಗೆ ಬಿದ್ದುಹೋದರೂ ವಿಧಾನ ಉಳಿಯಿತು. ಕನ್ನಡ ಪದಗಳ ಮೂಲದ್ರಾವಿಡ ರೂಪಗಳ ಹಿಂದೆಯೂ ಅದೇ ನಕ್ಷತ್ರಚಿಹ್ನೆಯಿದೆ; ಅದು ಸಿದ್ಧಾಂತದ ಮುದ್ರೆಯಲ್ಲ, ಪರಿಷ್ಕಾರಕ್ಕೆ ತೆರೆದ ಊಹೆಯ ಗುರುತು.