ಬರಿಗಾಲಿನ ಕೋಟೆ: ಗೋಷ್ಠ ಪಾಲ್

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವರ ಹೆಸರು ಎಲ್ಲರ ನಾಲಗೆಯ ಮೇಲೆ ನಲಿಯುತ್ತದೆ. ಗೋಲು ಬೀಳದಂತೆ ಕಾಯ್ದವರನ್ನು ನೆನೆಯುವವರು ವಿರಳ. ಇದಕ್ಕೆ ಅಪವಾದವಾಗಿ, ರಕ್ಷಣೆಯ ಆಟದಿಂದಲೇ ಮನೆಮಾತಾದವರು ಗೋಷ್ಠ ಪಾಲ್.

ಅವರು 1896ರಲ್ಲಿ ಪೂರ್ವ ಬಂಗಾಳದ ಫರೀದ್‌ಪುರ ಜಿಲ್ಲೆಯ ಭೋಜೇಶ್ವರ ಗ್ರಾಮದಲ್ಲಿ ಜನಿಸಿದರು. ಆ ಪ್ರದೇಶವು ಇಂದು ಬಾಂಗ್ಲಾದೇಶಕ್ಕೆ ಸೇರಿದೆ. ಬಾಲ್ಯದಲ್ಲಿಯೇ ಕಲ್ಕತ್ತೆಗೆ ಬಂದ ಅವರ ಮನಸ್ಸನ್ನು ಕಾಲ್ಚೆಂಡು ಸೂರೆಗೊಂಡಿತು. ಆಗ ದೇಶವು ಪರರ ಆಳ್ವಿಕೆಯಲ್ಲಿತ್ತು. 1911ರ ಜುಲೈ 29ರಂದು ಕಲ್ಕತ್ತೆಯ ಮೋಹನ್ ಬಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ಸೇನಾದಳವನ್ನು 2–1 ಗೋಲುಗಳಿಂದ ಮಣಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. ಗೆದ್ದವರಲ್ಲಿ ಒಬ್ಬರ ಹೊರತು ಉಳಿದವರೆಲ್ಲರೂ ಬರಿಗಾಲಿನಲ್ಲಿ ಆಡಿದ್ದರು. ಈ ವಿಜಯವು ಭಾರತೀಯರಲ್ಲಿ ಹೊಸ ಆತ್ಮವಿಶ್ವಾಸವನ್ನು ತುಂಬಿತು. ಕೆಲವೇ ವರ್ಷಗಳಲ್ಲಿ ಗೋಷ್ಠ ಪಾಲರು ಅದೇ ತಂಡವನ್ನು ಸೇರಿ, ಅದರ ರಕ್ಷಣೆಯ ಹೊಣೆಯನ್ನು ಹೊತ್ತರು.

ಆ ಹೊಣೆ ಸಾಮಾನ್ಯವಾದುದಾಗಿರಲಿಲ್ಲ. ಅಂದಿನ ಪದ್ಧತಿಯಂತೆ ತಂಡದ ಐವರು ಮುಂದೆಯೂ ಮೂವರು ನಡುವೆಯೂ ಆಡುತ್ತಿದ್ದರು. ಗೋಲಿಯ ಮುಂದೆ ನಿಲ್ಲುತ್ತಿದ್ದವರು ಇಬ್ಬರು ಫುಲ್‌ಬ್ಯಾಕ್‌ಗಳು ಮಾತ್ರ. ಒಬ್ಬನು ಚೆಂಡಿಗೆ ನುಗ್ಗಿದರೆ ಮತ್ತೊಬ್ಬನು ಅವನ ಬೆನ್ನಿಗೆ ನಿಲ್ಲಬೇಕು. ಇಂತಹ ಹೊಂದಾಣಿಕೆ ಬಹುಕಾಲ ಜೊತೆಯಾಗಿ ಆಡಿದವರಿಗಲ್ಲದೆ ಸಿದ್ಧಿಸದು. ಗಾಯಗೊಂಡವನ ಸ್ಥಾನಕ್ಕೆ ಬೇರೊಬ್ಬನನ್ನು ಇಳಿಸುವ ನಿಯಮವೂ ಆಗ ಇರಲಿಲ್ಲ. ಒಬ್ಬನು ಹೊರನಡೆದರೆ ಉಳಿದ ಹತ್ತು ಮಂದಿಯೇ ಸೆಣಸಬೇಕಾಗಿತ್ತು. ಇನ್ನು 1925ರಲ್ಲಿ ಆಫ್‌ಸೈಡ್ ನಿಯಮವು ಸಡಿಲಗೊಂಡಿತು. ಮುನ್ನುಗ್ಗುವ ಆಟಗಾರನ ಮುಂದೆ ಮೂವರು ಎದುರಾಳಿಗಳಿರಬೇಕೆಂಬ ಕಟ್ಟಳೆ ಇಬ್ಬರಿಗೆ ಇಳಿದುದರಿಂದ ರಕ್ಷಕರ ಕಷ್ಟವು ಇಮ್ಮಡಿಸಿತು.

ಬೂಟು ತೊಟ್ಟ ಸೈನಿಕರ ಎದುರು ಗೋಷ್ಠ ಪಾಲರು ಬರಿಗಾಲಿನಲ್ಲಿ ಎದೆಗುಂದದೆ ನಿಂತರು. ಜನರು ಅವರನ್ನು ಚೀನದ ಮಹಾಗೋಡೆಗೆ ಹೋಲಿಸಿ ಕೊಂಡಾಡಿದರು. 1921ರಲ್ಲಿ ಅವರು ತಂಡದ ನಾಯಕರಾದರು. ಬರಿಗಾಲಿನ ಆಟಕ್ಕೆ ಅದರದೇ ಮಿತಿಯೂ ಇತ್ತು. 1923ರ ಷೀಲ್ಡ್ ಅಂತಿಮ ಪಂದ್ಯದಲ್ಲಿ, ಮಳೆಯಿಂದ ಕೆಸರಾದ ಮೈದಾನದಲ್ಲಿ ಮೋಹನ್ ಬಗಾನ್ ತಂಡವು ಕಲ್ಕತ್ತ ಫುಟ್‌ಬಾಲ್ ಕ್ಲಬ್ಬಿಗೆ ಸೋತಿತು. ಆದರೆ ಸೋಲಿನಿಂದ ಪಾಲರು ಕುಗ್ಗಲಿಲ್ಲ. 1933ರಲ್ಲಿ ಸಿಂಹಳಕ್ಕೆ ತೆರಳಿದ ಭಾರತ ತಂಡದ ನಾಯಕತ್ವವೂ ಅವರಿಗೇ ಒಲಿಯಿತು. ಎರಡು ದಶಕಗಳಿಗೂ ಮಿಗಿಲಾಗಿ ಒಂದೇ ತಂಡದ ಹಿಂಬದಿಯನ್ನು ಕಾಯ್ದು, 1935ರಲ್ಲಿ ಅವರು ಆಟದಿಂದ ನಿವೃತ್ತರಾದರು.

ಭಾರತ ಸರ್ಕಾರವು 1962ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಈ ಪ್ರಶಸ್ತಿಗೆ ಪಾತ್ರರಾದ ಮೊದಲ ಕಾಲ್ಚೆಂಡಿನ ಆಟಗಾರರು ಅವರೇ. 1976ರಲ್ಲಿ ಅವರು ನಿಧನರಾದರು. ಕೋಲ್ಕತ್ತದ ಈಡನ್ ಗಾರ್ಡನ್ಸ್ ಬಳಿ ಅವರ ಪ್ರತಿಮೆಯಿದೆ. ಅಲ್ಲಿನ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. 1998ರಲ್ಲಿ ಅವರ ನೆನಪಿಗೆ ಅಂಚೆಚೀಟಿಯೂ ಹೊರಬಂದಿತು.

ಕಟ್ಟಡದ ಶಿಖರವು ದೂರದಿಂದಲೇ ಕಾಣುತ್ತದೆ, ತಳಪಾಯವು ಕಾಣದು. ಆದರೆ ಶಿಖರದ ಭಾರವನ್ನು ಹೊರುವುದು ತಳಪಾಯವೇ. ತಂಡದ ಗೆಲುವಿಗೆ ತಳಪಾಯವಾಗಿ ನಿಂತ ಗೋಷ್ಠ ಪಾಲರ ಬಾಳು ಈ ಸತ್ಯಕ್ಕೆ ಸಾಕ್ಷಿಯಾಗಿದೆ.